ಸೆನ್ಸರ್ ಬದಲಿಸೋ ಮೊದಲು ಅಳತಿ ಕೇಳ್ರಿ, ಅಳತಿಗೂ ರೊಕ್ಕ ಕೊಡ್ರಿ

1/10

ದೋಸ್ತ್ರೇ, ಇವತ್ತಿನ ಸರಣಿ ಜರಾ ಉದ್ದ ಅದ. ಚಾ ಹಿಡಕೊಂಡು ಕುಂತು ಓದ್ರಿ.

ಕಾರಿನ ಮೀಟರ್‌ದಾಗ ಹಳದಿ ಬಣ್ಣದ ಇಂಜಿನ್ ಚಿತ್ರ ಹತ್ತಿತು ಅಂದ್ರ, ಸೇಡಂ ಇರಲಿ, ಚಿತ್ತಾಪುರ ಇರಲಿ, ವಾಡಿ, ಶಹಾಬಾದ್, ಚಿಂಚೋಳಿ ಇರಲಿ, ಮೂರೇ ಮಾತು ಕೇಳಿಬರ್ತಾವ. "ಏನಾಗಲ್ಲ ಬಿಡು, ಹಂಗೇ ಓಡಸು." "ಸ್ಕ್ಯಾನರ್ ಹಚ್ಚಿ ಅಳಿಸಿಬಿಡ್ತೀನಿ." "ಆಕ್ಸಿಜನ್ ಸೆನ್ಸರ್ ಹೋಗ್ಯಾದ, ಹೊಸಾದು ಹಾಕಬೇಕು." ಈ ಮೂರೂ ಮಾತಿನಾಗ ಅಳತಿ ಮಾಡಿ ನೋಡೋ ಕೆಲಸ ಬಿಟ್ಟುಹೋಗ್ಯಾದ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಆಕ್ಸಿಜನ್ ಸೆನ್ಸರ್ ಬಿಚ್ಚಿ ಹೊಸಾದು ಹಾಕೋದು ಬಹಳಷ್ಟು ಗಾಡಿಗಳಲ್ಲಿ ಸಣ್ಣ ಕೆಲಸ. ಕೆಟ್ಟಿರೋದು ಅದೇ ಅಂತ ಖಾತ್ರಿ ಮಾಡೋದು ದೊಡ್ಡ ಕೆಲಸ. ನಾವು ಗಿರಾಕಿಗಳು ಸಣ್ಣ ಕೆಲಸಕ್ಕ ರೊಕ್ಕ ಕೊಡ್ತೀವಿ, ದೊಡ್ಡ ಕೆಲಸ ಪುಕ್ಕಟೆ ಆಗಬೇಕು ಅಂತೀವಿ. ಅದಕ್ಕೇ ಅದು ಆಗೋದೇ ಇಲ್ಲ. ಈ ಚಾಳಿ ಬದಲಾಗಬೇಕು ಅಂತ ಯಾಕ ಹೇಳ್ತೀನಿ, ಸ್ವೈಪ್ ಮಾಡ್ಕೋತ ಬರ್ರಿ.

2/10

ಮೊದಲು ಈ ಸೆನ್ಸರ್ ಏನ್ ಮಾಡ್ತದ ನೋಡೋಣ. ನಮ್ಮ ಭಾಗದವರಿಗೆ ಇದು ತಿಳೀಲಿಕ್ಕೆ ಭಾಳ ಸರಳ. ವಾಡಿ, ಸೇಡಂ, ಮಳಖೇಡ ಸಿಮೆಂಟ್ ಫ್ಯಾಕ್ಟರಿಯ ಕಂಟ್ರೋಲ್ ರೂಮಿನಾಗ ದುಡಿಯೋ ಅಪ್ಪಾ, ಕಾಕಾ, ಮಾಮಾ ಯಾರಾದ್ರೂ ಇದ್ರ ಕೇಳಿ ನೋಡ್ರಿ.

ಕಿಲ್ನ್‌ನಾಗ ಸುಣ್ಣದ ಕಲ್ಲಿನ ಪುಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ತನಕ ಕಾಯಬೇಕು. ಕಲ್ಲಿದ್ದಲು ಎಷ್ಟು ಹಾಕಬೇಕು, ಗಾಳಿ ಎಷ್ಟು ಬಿಡಬೇಕು ಅನ್ನೋದನ್ನ ತೀರ್ಮಾನ ಮಾಡ್ಲಿಕ್ಕೆ ಅವರು ಹೊರಗ ಬರೋ ಹೊಗಿಯಾಗ ಆಕ್ಸಿಜನ್ ಎಷ್ಟು ಉಳದದ ಅಂತ ನೋಡ್ತಾರ. ಭಾಳ ಉಳದ್ರ, ಬೇಡಾದ ಗಾಳಿ ಕಾಸಿ ಹೊರಗ ಬಿಟ್ಟಂಗ ಆತು, ಕಲ್ಲಿದ್ದಲು ದಂಡ. ಏನೂ ಉಳೀಲಿಲ್ಲ ಅಂದ್ರ, ಕಲ್ಲಿದ್ದಲು ಪೂರಾ ಸುಡದೆ ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಗ ಹೋಗ್ತದ.

ಕಾರಿನಾಗ ನಡಿಯೋದೂ ಇದೇ ಲೆಕ್ಕ. 1 ಕೆಜಿ ಪೆಟ್ರೋಲ್ ಪೂರಾ ಸುಡಬೇಕಂದ್ರ ಸುಮಾರು 14.7 ಕೆಜಿ ಗಾಳಿ ಬೇಕು. ಸರಿಯಾಗಿ ಇಷ್ಟೇ ಇದ್ರ ಅದಕ್ಕ ಲ್ಯಾಂಬ್ಡಾ 1 ಅಂತಾರ. ಗಾಳಿ ಹೆಚ್ಚಾದ್ರ ಲೀನ್, ಪೆಟ್ರೋಲ್ ಹೆಚ್ಚಾದ್ರ ರಿಚ್. ಸೆನ್ಸರ್ ತುದಿಯಾಗ ಜಿರ್ಕೋನಿಯಾ ಅನ್ನೋ ಸೆರಾಮಿಕ್ ಇರ್ತದ. ಅದರ ಒಂದು ಮೈಗೆ ಇಂಜಿನ್ ಹೊಗಿ, ಇನ್ನೊಂದು ಮೈಗೆ ಹೊರಗಿನ ಗಾಳಿ. ಎರಡೂ ಕಡಿ ಆಕ್ಸಿಜನ್ ಪ್ರಮಾಣದಾಗ ಫರಕ್ ಎಷ್ಟದ ಅನ್ನೋದರ ಮೇಲೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ರಿಚ್ ಇದ್ದಾಗ 0.8–0.9 ವೋಲ್ಟ್, ಲೀನ್ ಇದ್ದಾಗ 0.1–0.2 ವೋಲ್ಟ್. ಇದನ್ನ ಓದಿ ಇಸಿಯು ಪೆಟ್ರೋಲ್ ಹೆಚ್ಚು-ಕಮ್ಮಿ ಮಾಡ್ತದ. ಸೆನ್ಸರ್ ಸುಮಾರು 300 ಡಿಗ್ರಿ ಕಾದ ಮೇಲೇ ಸರಿಯಾಗಿ ಕೆಲಸ ಮಾಡೋದು. ಲಗೂನ ಕಾಯಲಿ ಅಂತ ಒಳಗ ಹೀಟರ್ ಇಟ್ಟಿರ್ತಾರ.

3/10

"ಇದೆಲ್ಲಾ ದೊಡ್ಡ ಕಾರಿನವರ ಮಾತು" ಅನ್ನಬ್ಯಾಡ್ರಿ.

ಬಾಷ್ ಕಂಪನಿ ಮಾಡಿದ ಲ್ಯಾಂಬ್ಡಾ ಸೆನ್ಸರ್ 1976ರಲ್ಲಿ ವೋಲ್ವೊ ಕಾರಿನಲ್ಲಿ ಮೊದಲ ಸಲ ರಸ್ತೆಗೆ ಬಂತು. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಸೀಸ ಹಾಕಿದ ಪೆಟ್ರೋಲ್ 2000ರ ಫೆಬ್ರವರಿಗೆ ದೇಶದಾಗ ಬಂದ್ ಆತು. ಸೀಸ ಕನ್ವರ್ಟರ್‌ಗೂ ವಿಷ, ಸೆನ್ಸರ್‌ಗೂ ವಿಷ. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲಾ ಬಿಎಸ್4, 2020ರ ಏಪ್ರಿಲ್‌ನಿಂದ ಬಿಎಸ್6. ಬಿಎಸ್6 ಬಂದ ಮೇಲೆ ಬೈಕಿನ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು, ಅದರ ಹಿಂದೇ ಆಕ್ಸಿಜನ್ ಸೆನ್ಸರ್ ಬಂತು. ನೀವು ಕಾಲೇಜಿಗೆ ತರೋ ಸ್ಪ್ಲೆಂಡರ್ ಬಿಎಸ್6 ಇದ್ರ, ಬಗ್ಗಿ ಸೈಲೆನ್ಸರ್ ಪೈಪ್ ನೋಡ್ರಿ. ವೈರ್ ಹೊಂಟಿರೋ ಸಣ್ಣ ನಟ್ಟಿನಂಥಾದ್ದು ಕಾಣ್ತದಲ್ಲ, ಅದೇ.

ಈಗ ಇನ್ನೊಂದು ವಿಷಯ ಸೇರ್ಯಾದ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಆದ ಇ20, ಅಂದ್ರ 20% ಎಥನಾಲ್ ಇರೋ ಪೆಟ್ರೋಲ್. ಎಥನಾಲ್‌ನಾಗ ತನ್ನದೇ ಆಕ್ಸಿಜನ್ ಇರ್ತದ, ಅದಕ್ಕ ಸುಡಲಿಕ್ಕೆ ಗಾಳಿ ಕಮ್ಮಿ ಸಾಕು. ಟ್ಯಾಂಕಿನಾಗ ಬಿದ್ದ ಎಣ್ಣಿ ಬದಲಾದಾಗ ಇಸಿಯುಗೆ ಸುಳಿವು ಕೊಡೋದು ಈ ಸೆನ್ಸರೇ. ಅದು ಕುರುಡಾದ್ರ ಇಸಿಯು ಅಂದಾಜಿನ ಮೇಲೆ ಪೆಟ್ರೋಲ್ ಸುರೀತದ. ಮೈಲೇಜ್ ಬೀಳೋದು ಮೊದಲನೇ ನಷ್ಟ. ಸುಡದ ಪೆಟ್ರೋಲ್ ಹೋಗಿ ಕನ್ವರ್ಟರ್ ಅತಿಯಾಗಿ ಕಾದು ಒಳಗಿನ ಜಾಲರಿ ಕರಗೋದು ಎರಡನೇ ನಷ್ಟ. ಕನ್ವರ್ಟರ್ ರೇಟ್ ಮುಂದ ಸೆನ್ಸರ್ ರೇಟ್ ಏನೂ ಅಲ್ಲ.

4/10

ಈಗ ಕೋಡ್ ಮಾತು. ಸ್ಕ್ಯಾನರ್ ಹಚ್ಚಿದ್ರ ಒಂದು ನಂಬರ್ ಬರ್ತದ. ಎಲ್ಲಾ ಕಂಪನಿ ಕಾರಿಗೂ ಒಂದೇ ಅರ್ಥ ಇರೋ ಕೆಲವು ನಂಬರ್ ಸೇವ್ ಮಾಡಿ ಇಟ್ಕೋರಿ:

ಪಿ0131: ಮೊದಲನೇ ಸೆನ್ಸರ್ ವೋಲ್ಟೇಜ್ ಕಮ್ಮಿ.
ಪಿ0132: ವೋಲ್ಟೇಜ್ ಹೆಚ್ಚು.
ಪಿ0133: ಸೆನ್ಸರ್ ನಿಧಾನ ಸ್ಪಂದಿಸ್ತಾದ.
ಪಿ0134: ಸೆನ್ಸರ್‌ನಿಂದ ಏನೂ ಸುದ್ದಿ ಇಲ್ಲ.
ಪಿ0135: ಮೊದಲನೇ ಸೆನ್ಸರ್ ಹೀಟರ್ ಸರ್ಕ್ಯೂಟ್.
ಪಿ0141: ಎರಡನೇ ಸೆನ್ಸರ್ ಹೀಟರ್ ಸರ್ಕ್ಯೂಟ್.
ಪಿ0171: ಮಿಶ್ರಣ ಲೀನ್. ಪಿ0172: ಮಿಶ್ರಣ ರಿಚ್.
ಪಿ0420: ಕನ್ವರ್ಟರ್ ಕೆಲಸ ಸಾಲದು.

ಇದರಾಗ ಒಂದರಾಗಾದ್ರೂ "ಸೆನ್ಸರ್ ಬದಲಿಸಿ" ಅಂತ ಬರದದ ಏನು? ಇಲ್ಲ. ಪಿ0171 ಅಂತೂ ಸೆನ್ಸರ್ ಬಗ್ಗೆ ದೂರೇ ಅಲ್ಲ. "ಹೊಗಿಯಾಗ ಆಕ್ಸಿಜನ್ ಹೆಚ್ಚು ಕಾಣ್ಲಿಕ್ಕತ್ಯಾದ" ಅಂತ ಸೆನ್ಸರ್ ಹೇಳಿದ ಸಾಕ್ಷಿ ಅದು. ಕಳ್ಳ ಬಂದಾನ ಅಂತ ಬೊಗಳಿದ ನಾಯಿನ್ನೇ ಹೊಡೆದು ಓಡಿಸಿದಂಗ, ನಾವು ಸುದ್ದಿ ಹೇಳಿದ ಸೆನ್ಸರ್‌ನ್ನೇ ಕಿತ್ತು ಒಗೀತೀವಿ.

ಒಂದು ಸಿಲಿಂಡರ್ ಮಿಸ್ ಹೊಡೀತಿದ್ರೂ ಹಿಂಗೇ ಆಗ್ತದ. ಪ್ಲಗ್ ಇಲ್ಲಾ ಕಾಯಿಲ್ ಕೆಟ್ಟು ಪೆಟ್ರೋಲ್ ಸುಡಲಿಲ್ಲ ಅಂದ್ರ ಅದರ ಪಾಲಿನ ಆಕ್ಸಿಜನ್ನೂ ಹಂಗೇ ಹೊರಗ ಬರ್ತದ. ಸೆನ್ಸರ್‌ಗೆ ಕಾಣೋದು ಆಕ್ಸಿಜನ್ ಮಾತ್ರ. ಅದಕ್ಕ ಅದು ಲೀನ್ ಅಂತದ. ಕೆಟ್ಟಿರೋದು ಪ್ಲಗ್, ಬದಲಾಗೋದು ಸೆನ್ಸರ್.

5/10

ನಮ್ಮ ಮಾಮಾನ ಬಿಎಸ್4 ಪೆಟ್ರೋಲ್ ಕಾರಿನ ಕಥಿ ಹೇಳ್ತೀನಿ. ಗ್ಯಾರೇಜ್ ಹೆಸರು ಬ್ಯಾಡ. ಲೈಟ್ ಹತ್ತಿತು, ಮೈಲೇಜ್ ಬಿತ್ತು, ಸ್ಕ್ಯಾನರ್‌ದಾಗ ಪಿ0171 ಬಂತು. ಗ್ಯಾರೇಜಿನವರು ಸೆನ್ಸರ್ ಅಂದ್ರು. ಪಾರ್ಟ್ ಕಲಬುರಗಿಯಿಂದ ತರಿಸಿ ಹಾಕಿದ್ರು, ಕೋಡ್ ಅಳಿಸಿದ್ರು. ಒಂದು ವಾರದೊಳಗ ಲೈಟ್ ಮತ್ತ ಹತ್ತಿತು.

ಎರಡನೇ ಕಡಿ ಒಬ್ಬ ಉಸ್ತಾದ್ ಸ್ಕ್ಯಾನರ್‌ಗೆ ಕೈನೇ ಹಚ್ಚಲಿಲ್ಲ. ಮುಂಜಾನಿ ತಣ್ಣಗಿದ್ದಾಗ ಗಾಡಿ ತರ್ರಿ ಅಂದ. ಚಾಲೂ ಮಾಡಿದ ಕೂಡಲೇ ಬಾನೆಟ್ ಮುಂದ ಕಿವಿ ಕೊಟ್ಟು ನಿಂತ. ಟಿಕ್ ಟಿಕ್ ಸಪ್ಪಳ. ಟಾರ್ಚ್ ಬಿಟ್ಟು ನೋಡಿದ್ರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಪಕ್ಕ ಕಪ್ಪು ಮಸಿ. ಗ್ಯಾಸ್ಕೆಟ್ ಸುಟ್ಟು ಸಂದಿ ಬಿದ್ದಿತ್ತು.

ಹೊಗಿ ಹೊರಗ ಹೋಗೋ ಸಂದಿಯಿಂದ ಗಾಳಿ ಒಳಗ ಹೆಂಗ ಬಂತು ಅಂತ ಕೇಳಬಹುದು. ಎಕ್ಸಾಸ್ಟ್ ಪೈಪಿನಾಗ ಒತ್ತಡ ಅಲೆಯಂಗ ಏರಿಳೀತದ. ಇಳಿದ ಕ್ಷಣದಾಗ ಹೊರಗಿನ ಗಾಳಿ ಒಳಗ ಎಳಕೋತದ. ಆ ಗಾಳಿಯ ಆಕ್ಸಿಜನ್ ನೋಡಿ ಸೆನ್ಸರ್ "ಲೀನ್" ಅಂತು, ಇಸಿಯು ಪೆಟ್ರೋಲ್ ಹೆಚ್ಚು ಮಾಡ್ತು, ಮೈಲೇಜ್ ಬಿತ್ತು. ಹಳೇ ಸೆನ್ಸರ್ ಚೊಲೋನೇ ಇತ್ತು.

ಆ ಉಸ್ತಾದ್ ಕೇಳಿದ್ದು ಗ್ಯಾಸ್ಕೆಟ್ ರೊಕ್ಕ ಮತ್ತು ಬಿಚ್ಚಿ ಕೂಡಿಸಿದ ಮಜೂರಿ. ಕಿವಿಗೂ ತಲಿಗೂ ಏನೂ ಕೇಳಲಿಲ್ಲ. ಮಾಮಾ ಕೊಡಲೂ ಇಲ್ಲ. ತಪ್ಪಾಗಿ ಪಾರ್ಟ್ ಹಾಕಿದ ಕಡಿ ಸಾವಿರಗಟ್ಟಲೆ ಹೋತು, ರೋಗ ಹುಡುಕಿದ ಕಡಿ ಬರೇ ಥ್ಯಾಂಕ್ಸ್. ಈ ಲೆಕ್ಕ ನನಗ ಭಾಳ ದಿನ ತಲಿಯಾಗ ಕುಂತದ.

6/10

ಈಗ ಸೆನ್ಸರ್ ಎಲ್ಲಿ ಇರ್ತದ ಅನ್ನೋದು. ಇಂಜಿನ್‌ನಿಂದ ಹೊರಡೋ ಎಕ್ಸಾಸ್ಟ್ ಪೈಪ್ ಹಿಡಕೊಂಡು ಹೋಗ್ರಿ. ಕನ್ವರ್ಟರ್‌ಗಿಂತ ಮೊದಲು ಬರೋದು ಸೆನ್ಸರ್ 1, ನಂತರ ಬರೋದು ಸೆನ್ಸರ್ 2. ಮೊದಲನೇದು ಮಿಶ್ರಣ ನಿಯಂತ್ರಣಕ್ಕ, ಎರಡನೇದು ಮುಖ್ಯವಾಗಿ ಕನ್ವರ್ಟರ್ ಕೆಲಸ ಮಾಡ್ತದೋ ಇಲ್ಲೋ ನೋಡ್ಲಿಕ್ಕೆ.

ಕೋಡಿನ ವಿವರದಾಗ "ಬ್ಯಾಂಕ್ 1, ಬ್ಯಾಂಕ್ 2" ಅಂತ ಬರ್ತದ. ಒಂದನೇ ಸಿಲಿಂಡರ್ ಇರೋ ಸಾಲೇ ಬ್ಯಾಂಕ್ 1. ನಮ್ಮ ಊರಾಗ ಓಡಾಡೋ ಮೂರು, ನಾಲ್ಕು ಸಿಲಿಂಡರ್ ಸಣ್ಣ ಕಾರಿನಾಗ ಸಿಲಿಂಡರ್ ಒಂದೇ ಸಾಲಿನಾಗ ಇರ್ತಾವ, ಹಂಗಾಗಿ ಸಾಮಾನ್ಯವಾಗಿ ಬ್ಯಾಂಕ್ 1 ಒಂದೇ. ಕೆಲವು ಮಾಡೆಲ್‌ನಾಗ ಮ್ಯಾನಿಫೋಲ್ಡ್ ಇಂಜಿನ್ ಮುಂದ, ಕೆಲವುದರಾಗ ಹಿಂದ. ಮ್ಯಾಲ ತಗಡಿನ ಮುಚ್ಚಳ ಇದ್ರ ಅದನ್ನ ತೆಗೀದೆ ಸೆನ್ಸರ್ ಕಾಣಂಗಿಲ್ಲ.

ವೈರ್ ಹಿಡಕೊಂಡು ಕನೆಕ್ಟರ್ ತನಕ ಹೋಗ್ರಿ, ಅರ್ಧ ರೋಗ ಅಲ್ಲೇ ಸಿಗಬಹುದು. ಪೈಪಿಗೆ ತಾಗಿ ಕರಗಿದ ವೈರ್, ಮಳಿಗಾಲದಾಗ ಇಲಿ ಕಡಿದ ವೈರ್, ಪಾಚಿ ಹಿಡಿದ ಪಿನ್. ಸುಣ್ಣದ ಕಲ್ಲಿನ ಲಾರಿ ಓಡಿ ಕಿತ್ತ ನಮ್ಮ ರಸ್ತೆಗಳ ಬಗ್ಗೆ ಹೇಳೋದೇ ಬ್ಯಾಡ. ಗಾಡಿ ಕೆಳಗಿರೋ ಎರಡನೇ ಸೆನ್ಸರ್ ವೈರ್‌ಗೆ ಕಲ್ಲು ಬಡಿಯೋದು ಸಹಜ.

7/10

ಇದು ಸರಣಿಯ ಮುಖ್ಯ ಕಾರ್ಡ್. ಸೆನ್ಸರ್ ಜೀವಂತ ಅದನೋ ಸತ್ತದನೋ ನೋಡೋದು ಹೆಂಗ?

ಸಸ್ತಾ ಬ್ಲೂಟೂತ್ ಒಬಿಡಿ ಅಡಾಪ್ಟರ್, ಫೋನಿನಾಗ ಒಂದು ಆ್ಯಪ್. ಗಾಡಿ ಬಯಲಾಗ ನಿಲ್ಲಿಸ್ರಿ, ಮುಚ್ಚಿದ ಶೆಡ್ಡಿನಾಗ ಇಂಜಿನ್ ಚಾಲೂ ಇಡಬ್ಯಾಡ್ರಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನಿನೂ ಇಲ್ಲ, ಬಣ್ಣನೂ ಇಲ್ಲ. ಇಂಜಿನ್ ಪೂರಾ ಕಾದ ಮೇಲೆ 2000–2500 ಆರ್‌ಪಿಎಂನಾಗ ಹಿಡೀರಿ. ಸೆನ್ಸರ್ 1ರ ವೋಲ್ಟೇಜ್ 0.1ರಿಂದ 0.9ರ ನಡುವೆ ಬಿಡದೆ ಏರಿಳೀಬೇಕು. ಎರಡನೇದು ಹೆಚ್ಚುಕಮ್ಮಿ ಒಂದೇ ಕಡಿ ನಿಂತಿರಬೇಕು. ಎರಡನೇದೂ ಮೊದಲನೇದರಂಗ ಕುಣೀತಿದ್ರ ಕನ್ವರ್ಟರ್ ಮೇಲೆ ಅನುಮಾನ ಪಡ್ರಿ.

ಎಕ್ಸಲರೇಟರ್ ಜೋರಾಗಿ ಒತ್ತಿದಾಗ ವೋಲ್ಟೇಜ್ 0.9 ಹತ್ತಿರ ಹೋಗಿ, ಬಿಟ್ಟಾಗ ಸೊನ್ನೆ ಹತ್ತಿರ ಬಿದ್ರ ಸೆನ್ಸರ್ ಜೀವಂತ ಅದ. ಅದನ್ನ ಬದಲಿಸೋ ಮೊದಲು ಬ್ಯಾರೆ ಕಾರಣ ಹುಡುಕ್ರಿ.

ಆಮೇಲೆ ಫ್ಯೂಯಲ್ ಟ್ರಿಮ್ ನೋಡ್ರಿ. ಶಾರ್ಟ್ ಮತ್ತು ಲಾಂಗ್ ಕೂಡಿಸಿದ್ರ 10% ದಾಟಿ ಪ್ಲಸ್ ಇದ್ರ ಇಸಿಯು ಪೆಟ್ರೋಲ್ ಹೆಚ್ಚು ಹಾಕ್ಲಿಕ್ಕತ್ಯಾದ ಅಂತ ಅರ್ಥ. ಐಡಲ್‌ನಾಗ ಪ್ಲಸ್ ಹೆಚ್ಚಿದ್ದು 2500ರಾಗ ಸರಿಯಾದ್ರ ವ್ಯಾಕ್ಯೂಮ್ ಪೈಪ್ ಸೀಳಿರಬಹುದು. ಓಟದಾಗ, ಲೋಡ್ ಬಿದ್ದಾಗ ಹೆಚ್ಚಾದ್ರ ಪೆಟ್ರೋಲ್ ಪಂಪ್, ಫಿಲ್ಟರ್ ನೋಡ್ರಿ.

ಹೀಟರ್ ಕೋಡ್ ಬಂದ್ರ ಮೊದಲು ಫ್ಯೂಸ್. ಆಮೇಲೆ ಕನೆಕ್ಟರ್ ತೆಗೆದು ಮಲ್ಟಿಮೀಟರ್‌ನಾಗ ಹೀಟರ್ ರೆಸಿಸ್ಟೆನ್ಸ್ ಅಳೀಬೇಕು. ನಾಲ್ಕು ವೈರ್ ಸೆನ್ಸರ್‌ನಾಗ ಸಾಮಾನ್ಯವಾಗಿ ಒಂದೇ ಬಣ್ಣದ ಎರಡು ವೈರ್ ಹೀಟರ್‌ದು. ಎಷ್ಟು ಓಮ್ ಇರಬೇಕು ಅಂತ ಆ ಗಾಡಿಯ ಸರ್ವಿಸ್ ಮ್ಯಾನುಯಲ್‌ನಾಗ ಇರ್ತದ. ಓಪನ್ ತೋರಿಸಿದ್ರ ಹೀಟರ್ ಸುಟ್ಟದ, ಆಗ ಸೆನ್ಸರ್ ಬದಲಿಸೋದು ನ್ಯಾಯ.

ಒಂದು ಎಚ್ಚರಿಕೆ: ಹೊಸ ಗಾಡಿಗಳ ಪೈಕಿ ಬಹಳಷ್ಟರಾಗ ವೈಡ್‌ಬ್ಯಾಂಡ್ ಸೆನ್ಸರ್ ಬರ್ತದ. ಅದರ ವೋಲ್ಟೇಜ್ ಹಿಂಗ ಕುಣಿಯಂಗಿಲ್ಲ. ಯಾವ ನಮೂನಿ ಅದ ಅಂತ ತಿಳೀದೆ ಸತ್ತದ ಅನ್ನಬ್ಯಾಡ್ರಿ.

8/10

ಅಳತಿ ಮಾಡಿ, ಸತ್ತದ್ದು ಸೆನ್ಸರೇ ಅಂತ ಖಾತ್ರಿ ಆತು. ಈಗ ಬಿಚ್ಚೋಣ.

ಬರೇ ಜಾಕ್ ಮೇಲೆ ನಿಂತ ಗಾಡಿ ಕೆಳಗ ಎಂದೂ ಹೋಗಬ್ಯಾಡ್ರಿ, ಸ್ಟ್ಯಾಂಡ್ ಬೇಕೇ ಬೇಕು. ಪೈಪ್ ಕೈ ಸುಡೋವಷ್ಟು ಬಿಸಿ ಇರಬಾರದು, ಪೂರಾ ತಣ್ಣಗಾದ್ರೆ ಜಾಮ್ ಆಗಿ ಕೂಡ್ತದ. ಬೆಚ್ಚಗಿರುವಾಗ ಕೈಗವಸು ಹಾಕ್ಕೊಂಡು ಬಿಚ್ಚೋದು ಸರಿ. ಜಂಗ್ ಹಿಡಿದಿದ್ರ ಜಂಗ್ ಬಿಡಿಸೋ ಎಣ್ಣಿ ಹಾಕಿ ಬಿಡ್ರಿ. ಬಹಳಷ್ಟು ಕಾರಿಗೆ 22ರ ಪಾನಾ ಕೂಡ್ತದ. ವೈರ್ ಹಾಯಲಿಕ್ಕೆ ಪಕ್ಕಕ್ಕ ಸೀಳಿರೋ ಸಾಕೆಟ್ ಸಿಗ್ತದ, ಅದು ಇದ್ರ ಇನ್ನೂ ಚೊಲೋ.

ಹೊಸ ಸೆನ್ಸರ್ ನೆಲಕ್ಕ ಬೀಳಿಸಬ್ಯಾಡ್ರಿ, ಒಳಗಿನ ಸೆರಾಮಿಕ್ ಒಡೀತದ. ತುದಿಗೆ ಕೈ, ಗ್ರೀಸ್, ಎಣ್ಣಿ ತಾಗಬಾರದು. ಚೂಡಿಗೆ ಹಚ್ಚೋ ಪೇಸ್ಟ್ ಹೊಸಾದಕ್ಕ ಹಚ್ಚೇ ಬಂದಿರ್ತದ ಬಹಳ ಸಲ, ಇಲ್ಲಂದ್ರ ಚೂಡಿಗೆ ಮಾತ್ರ ಹಚ್ಚರಿ. ಮೊದಲು ಕೈಲೇ ತಿರುಗಿಸ್ರಿ, ಕಡೀಗೆ ಪಾನಾ. 18 ಮಿಮೀ ಚೂಡಿಯ ಸೆನ್ಸರ್‌ಗೆ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಸಾಕು.

ವೈರ್ ಕತ್ತರಿಸಿ ಬೆಸುಗೆ ಹಾಕೋದು ಬ್ಯಾಡ. ಬಹಳಷ್ಟು ಸೆನ್ಸರ್ ಹೊರಗಿನ ಗಾಳಿ ಎಳಕೊಳ್ಳೋದು ವೈರಿನ ಎಳೆಗಳ ನಡುವಿನ ಸಂದಿಯಿಂದ. ಬೆಸುಗೆ ಆ ದಾರಿ ಮುಚ್ಚತದ. ಕನೆಕ್ಟರ್‌ನಾಗ ಗ್ರೀಸ್ ತುಂಬೋದೂ ಅದಕ್ಕೇ ತಪ್ಪು.

ಹಳೇ ಸೆನ್ಸರ್ ಒಗೀಬ್ಯಾಡ್ರಿ, ತುದಿ ನೋಡ್ರಿ. ಕರೀ ಮಸಿ ಇದ್ರ ಮಿಶ್ರಣ ರಿಚ್ ಇತ್ತು. ಎಣ್ಣಿ ಸುಟ್ಟ ಬೂದಿ ಇದ್ರ ಇಂಜಿನ್ ಆಯಿಲ್ ತಿನ್ಲಿಕ್ಕತ್ಯಾದ. ಬಿಳೀ ಪದರ ಇದ್ರ ಸಿಲಿಕೋನ್ ಸೀಲಂಟ್ ಇಲ್ಲಾ ಕೂಲಂಟ್ ಸೋರಿಕೆ ಇರಬಹುದು. ಆ ಕಾರಣ ಸರಿ ಮಾಡದಿದ್ರ ಹೊಸಾದೂ ಅದೇ ದಾರಿ ಹಿಡೀತದ.

9/10

ಉಸ್ತಾದರ ಮಾತೂ ಕೇಳಬೇಕು. "ಒಂದು ತಾಸು ಹುಡುಕಿ, ವೈರ್ ಕಡಿದಿತ್ತು ಅಂತ ಟೇಪ್ ಸುತ್ತಿ ಕೊಟ್ರ ಗಿರಾಕಿ ಎಷ್ಟು ಕೊಡ್ತಾನ? ಇಷ್ಟಕ್ಕ ಇಷ್ಟ್ಯಾಕ ಅಂತಾನ. ಡಬ್ಬಿಯಾಗಿನ ಪಾರ್ಟ್ ತೋರಿಸಿದ್ರ ಮಾತಾಡದೆ ಕೊಡ್ತಾನ." ಈ ಮಾತಿನಾಗ ಸುಳ್ಳೇನದ? ಡಾಕ್ಟರ್ ಫೀಸ್ ಕೊಟ್ಟು "ಏನೂ ಇಲ್ಲ, ಆರಾಮ ಇದ್ದೀರಿ" ಅಂದ್ರ ಖುಷಿಲೇ ಮನಿಗೆ ಬರೋ ನಾವು, ಮೆಕ್ಯಾನಿಕ್ ಹಂಗಂದ್ರ ರೊಕ್ಕ ಯಾಕ ಅಂತೀವಿ. ಪಾರ್ಟ್ ಮಾರಿದ್ರಷ್ಟೇ ಅವನ ಹೊಟ್ಟಿ ತುಂಬೋದಾದ್ರ, ಅವನು ಪಾರ್ಟೇ ಮಾರ್ತಾನ.

ಆದ್ರ ಒಂದು ಕೆಲಸ ಮಾತ್ರ ಒಪ್ಪಲಿಕ್ಕೆ ಆಗಲ್ಲ. ಕನ್ವರ್ಟರ್ ಕಿತ್ತು ಖಾಲಿ ಪೈಪ್ ಬೆಸೆಯೋದು, ಲೈಟ್ ಹತ್ತದಂಗ ಇಸಿಯು ಸಾಫ್ಟ್‌ವೇರ್ ತಿದ್ದೋದು. 2019ರ ತಿದ್ದುಪಡಿ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಹೊಗೆ ಮಾನದಂಡ ಮೀರಿದ ಗಾಡಿಗೆ 10,000 ರೂಪಾಯಿ ತನಕ ದಂಡ ಅದ. ಪೊಲೀಸರು ಹಿಡಿಯಲಿ ಬಿಡಲಿ, ಆ ಹೊಗಿ ಕುಡಿಯೋದು ಬಸ್ ಸ್ಟ್ಯಾಂಡ್ ಮುಂದ ನಿಂತ ನಾವೇ. ಫ್ಯಾಕ್ಟರಿ ಚಿಮಣಿ, ರಸ್ತೆ ಧೂಳು ಅಂತ ನಾವೆಲ್ಲಾ ಸ್ಟೋರಿ ಹಾಕ್ತೀವಿ, ಹಾಕಲೂಬೇಕು. ಹಂಗೇ ನಮ್ಮ ಸೈಲೆನ್ಸರ್ ಬಗ್ಗೆನೂ ಕೇಳ್ಕೋಬೇಕು. ಬಿಎಸ್4 ನಂತರದ ಪೆಟ್ರೋಲ್ ಕಾರಿನ ಪಿಯುಸಿ ತಪಾಸಣೆಯಾಗ 2500 ಆರ್‌ಪಿಎಂ ಆಸುಪಾಸು ಲ್ಯಾಂಬ್ಡಾ 0.97ರಿಂದ 1.03ರೊಳಗ ಇರಬೇಕು ಅನ್ನೋ ನಿಯಮ ಅದ. ಗಾಡಿ ನಿಲ್ಲಿಸಿ ಫೋಟೊ ತೆಗೆದು ಕಾಗದ ಕೊಟ್ರ ಸುಮ್ಮನೆ ಬರಬ್ಯಾಡ್ರಿ. ಪೈಪಿನಾಗ ನಳಿಗಿ ಹಾಕ್ರಿ, ನಂಬರ್ ತೋರಿಸ್ರಿ ಅಂತ ಕೇಳ್ರಿ.

10/10

ಕಡೀಗೆ, ನಾವು ಮಾಡಬಹುದಾದ ಮೂರು ಕೆಲಸ.

ಗಾಡಿ ಗ್ಯಾರೇಜಿಗೆ ಬಿಡುವಾಗ ಹಿಂಗ ಹೇಳ್ರಿ: "ಅಣ್ಣಾ, ಮೊದಲು ರೋಗ ಹುಡುಕ್ರಿ, ಹುಡುಕಿದ್ದಕ್ಕ ಎಷ್ಟು ತಗೋತೀರಿ ಹೇಳ್ರಿ. ಪಾರ್ಟ್ ಹಾಕೋ ಮೊದಲು ಅಳತಿ ತೋರಿಸ್ರಿ." ಬಿಲ್ಲಿನಾಗ ತಪಾಸಣೆ ಅಂತ ಬ್ಯಾರೆ ಸಾಲು ಇರಲಿ. ಕೆಟ್ಟಿದ್ದು ವೈರ್ ಮಾತ್ರ ಅಂತ ಸಿಕ್ರೂ ಆ ರೊಕ್ಕ ನಗ್‌ನಗ್ತಾ ಕೊಡ್ರಿ. ಅವರು ನಿಮ್ಮ ಒಂದು ಸೆನ್ಸರ್ ಉಳಿಸ್ಯಾರ.

ಎರಡನೇದು, ಹಳೇ ಪಾರ್ಟ್ ಕೇಳಿ ತಗೋರಿ. ಹೊಸದರ ಡಬ್ಬಿ ನಂಬರ್ ಫೋಟೊ ತಕ್ಕೋರಿ.

ಮೂರನೇದು ಐಟಿಐ ಓದೋ ನನ್ನ ಕ್ಲಾಸ್‌ಮೇಟ್‌ಗಳಿಗೆ, ಜೂನಿಯರ್‌ಗಳಿಗೆ. ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎರಡು ವರ್ಷದ ಟ್ರೇಡ್. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನ ಮೇಲ್ದರ್ಜೆಗೆ ಏರಿಸಿದ್ರು. ಯಂತ್ರ ಬಂದಾವ ಅಂದ್ರ ಅವುಗಳ ಮುಂದ ನಿಂತು ಸೆಲ್ಫಿ ತಕ್ಕೊಳ್ಳೋದಷ್ಟೇ ಆಗಬಾರದು. ಪಾನಾ ತಿರುಗಿಸೋ ಕೈ ನಮ್ಮ ಐದೂ ಊರಾಗ ಬೇಕಾದಷ್ಟು ಅವ. ಲೈವ್ ಡೇಟಾ ಓದಿ, "ಸೆನ್ಸರ್ ಚೊಲೋ ಅದ, ಗ್ಯಾಸ್ಕೆಟ್ ನೋಡ್ರಿ" ಅನ್ನೋ ಕಣ್ಣು ಕಮ್ಮಿ. ಅದು ಬಂದ್ರ ಗಾಡಿ ತಾಂಡೂರು, ಹೈದರಾಬಾದ್ ತನಕ ಯಾಕ ಹೋಗಬೇಕು? ಇಲ್ಲೇ ಬೋರ್ಡ್ ಹಾಕ್ರಿ: "ಇಲ್ಲಿ ರೋಗ ಹುಡುಕಿ ಕೊಡಲಾಗುವುದು." ಮೊದಲನೇ ಗಿರಾಕಿ ನಾನೇ ಕಳಸ್ತೀನಿ.

ನಿಮ್ಮ ಗಾಡಿಗೆ ಯಾವ ಕೋಡ್ ಬಂದಿತ್ತು, ಕಡೀಗೆ ಕೆಟ್ಟಿದ್ದು ಏನು, ಕಮೆಂಟಿನಾಗ ಬರೀರಿ. ಗ್ಯಾರೇಜ್ ಹೆಸರು ಬರೀಬ್ಯಾಡ್ರಿ, ರೋಗದ ಹೆಸರು ಸಾಕು. ಅಪ್ಪಾಗೂ ಮಾಮಾಗೂ ಶೇರ್ ಮಾಡ್ರಿ.

#ಸೇಡಂ #ಚಿತ್ತಾಪುರ #ವಾಡಿ #ಶಹಾಬಾದ್ #ಚಿಂಚೋಳಿ #ಆಕ್ಸಿಜನ್‌ಸೆನ್ಸರ್ #ಮೊದಲುಅಳತಿ